ಪೆಟ್ರೋಲಿನ ಪನ್ನು: ಹಾಕುವವರು ಯಾರು, ಹೋಗುವುದು ಎಲ್ಲಿಗೆ?



ನಾಗಲಗಿದ್ದ, ಮನೂರು, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಈ ಭಾಗದಲ್ಲಿರುವ ನಿಮಗೆ ಪೆಟ್ರೋಲಿನ ವಿಷಯದಲ್ಲಿ ಒಂದು ಸಂಗತಿಯನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಗಡಿಯ ಆ ಕಡೆಯ ಬಂಕಿನಲ್ಲಿ ಒಂದು ದರ, ಈ ಕಡೆಯ ಬಂಕಿನಲ್ಲಿ ಇನ್ನೊಂದು ದರ. ಕಂಪನಿ ಒಂದೇ, ಎಣ್ಣೆ ಒಂದೇ, ಗಾಡಿಯೂ ಒಂದೇ. ಆದರೂ ಲೀಟರಿಗೆ ನಾಲ್ಕೈದು ರೂಪಾಯಿಯ ವ್ಯತ್ಯಾಸ. ಕೆಲವು ವರ್ಷ ಅದಕ್ಕಿಂತಲೂ ಹೆಚ್ಚು. ಬೀದರಿಗೆ ಸಂತೆಗೆ ಹೋದವರು, ಔರಾದಿಗೆ ನೆಂಟರ ಮನೆಗೆ ಹೋದವರು ಬರುವಾಗ ಟಾಕಿ ತುಂಬಿಸಿಕೊಂಡು ಬರುವುದು ನಮ್ಮಲ್ಲಿ ರೂಢಿಯೇ ಆಗಿಬಿಟ್ಟಿದೆ.

ಈ ವ್ಯತ್ಯಾಸಕ್ಕೆ ಕಾರಣ ತೆರಿಗೆ. ನೀವು ತೆಲುಗಿನಲ್ಲಿ ಪನ್ನು ಎನ್ನುವಿರಿ. ಈ ಪನ್ನನ್ನು ಹಾಕುವವರು ಯಾರು? ಹಾಕುವ ಮೊದಲು ನಮ್ಮನ್ನು ಯಾರಾದರೂ ಕೇಳಿದರೆ? ಎಲ್ಲಾದರೂ ಜನರನ್ನು ಕೇಳಿ ಹಾಕಿದ್ದುಂಟೆ? ಹಾಕಿದ ಹಣ ಕಡೆಗೆ ಹೋಗುವುದೆಲ್ಲಿಗೆ? ಇಂದಿನ ಮಾತು ಇಷ್ಟರ ಬಗ್ಗೆ.

ಮೊದಲು ದರ ಹೇಗೆ ಆಗುತ್ತದೆ ಎಂಬುದನ್ನು ನೋಡೋಣ. ಕಚ್ಚಾ ಎಣ್ಣೆಯನ್ನು ಶುದ್ಧಮಾಡಿ ಕಂಪನಿ ಕೊಡುವ ಬೆಲೆ ಒಂದು. ಅದರ ಮೇಲೆ ಕೇಂದ್ರ ಸರ್ಕಾರದ ಅಬಕಾರಿ ಸುಂಕ. ಇದು ಲೀಟರಿಗೆ ಇಷ್ಟು ರೂಪಾಯಿ ಎಂದು ಗೊತ್ತುಮಾಡಿದ್ದು. ಆಮೇಲೆ ಬಂಕಿನ ಮಾಲೀಕರ ಕಮಿಷನ್. ಇವೆಲ್ಲವನ್ನೂ ಕೂಡಿಸಿದ ಮೊತ್ತದ ಮೇಲೆ ರಾಜ್ಯ ಸರ್ಕಾರ ತನ್ನ ಮಾರಾಟ ತೆರಿಗೆಯನ್ನು ಹಾಕುತ್ತದೆ. ತೆಲಂಗಾಣದಲ್ಲಿ ಇದನ್ನು ವ್ಯಾಟ್ ಎನ್ನುತ್ತಾರೆ. ರಾಜ್ಯದ್ದು ಶೇಕಡಾವಾರು ಲೆಕ್ಕ. ಅಂದರೆ ಕೇಂದ್ರದ ಸುಂಕದ ಮೇಲೂ ರಾಜ್ಯದ ತೆರಿಗೆ ಬೀಳುತ್ತದೆ. ಕಚ್ಚಾ ಎಣ್ಣೆಯ ಬೆಲೆ ಏರಿದರೆ ರಾಜ್ಯದ ಪಾಲೂ ತಾನಾಗಿಯೇ ಏರುತ್ತದೆ. ಯಾರೂ ಹೊಸ ಆದೇಶ ಹೊರಡಿಸಬೇಕಾಗಿಲ್ಲ.

ಈಗ ಎರಡು ರಾಜ್ಯಗಳ ದರವನ್ನು ಪಕ್ಕಪಕ್ಕ ಇಡೋಣ. ತೆಲಂಗಾಣ ರಾಜ್ಯ ಹುಟ್ಟಿದ್ದು 2014ರ ಜೂನ್ 2ರಂದು. ಮರುವರ್ಷ, 2015ರಲ್ಲಿ, ಪೆಟ್ರೋಲಿನ ಮೇಲಿನ ವ್ಯಾಟ್ ಶೇಕಡಾ 31ರಿಂದ 35.20ಕ್ಕೂ ಡೀಸೆಲಿನದು 22.25ರಿಂದ 27ಕ್ಕೂ ಏರಿತು. 2021ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲಿನ ಸುಂಕವನ್ನು 5 ರೂಪಾಯಿ, ಡೀಸೆಲಿನದನ್ನು 10 ರೂಪಾಯಿ ಇಳಿಸಿದಾಗ ಕರ್ನಾಟಕವೂ ತನ್ನ ತೆರಿಗೆಯನ್ನು ತಗ್ಗಿಸಿ ಎರಡಕ್ಕೂ ಲೀಟರಿಗೆ 7 ರೂಪಾಯಿಯಷ್ಟು ಕಡಿಮೆ ಮಾಡಿತು. ತೆಲಂಗಾಣ ತನ್ನ ದರವನ್ನು ತಗ್ಗಿಸಲಿಲ್ಲ. ಗಡಿಯ ಎರಡು ಬಂಕುಗಳ ನಡುವಿನ ಅಂತರ ಹಿಗ್ಗಿದ್ದು ಆಗ.

ಮುಂದೆ 2024ರ ಜೂನ್ 15ರಂದು ಕರ್ನಾಟಕ ಸರ್ಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇಕಡಾ 25.92ರಿಂದ 29.84ಕ್ಕೂ ಡೀಸೆಲಿನದನ್ನು 14.34ರಿಂದ 18.44ಕ್ಕೂ ಏರಿಸಿತು. ಲೋಕಸಭಾ ಚುನಾವಣೆಯ ಫಲಿತಾಂಶ ಬಂದದ್ದು ಜೂನ್ 4ರಂದು. ಹನ್ನೊಂದು ದಿನ ಕಳೆಯುವುದರೊಳಗೆ ದರ ಲೀಟರಿಗೆ ಸುಮಾರು ಮೂರು ರೂಪಾಯಿ ಏರಿತ್ತು. 2025ರ ಏಪ್ರಿಲ್ 1ರಿಂದ ಡೀಸೆಲಿನ ತೆರಿಗೆ ಇನ್ನೊಮ್ಮೆ ಏರಿ ಶೇಕಡಾ 21.17 ಆಯಿತು.

ಇದನ್ನು ರೂಪಾಯಿಯಲ್ಲಿ ಹೇಳಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. 2024ರ ಜೂನ್ ನಡುವಿನಲ್ಲಿ ಹೈದರಾಬಾದಿನಲ್ಲಿ ಪೆಟ್ರೋಲ್ ಲೀಟರಿಗೆ 107 ರೂಪಾಯಿ 41 ಪೈಸೆ. ಬೆಂಗಳೂರಿನಲ್ಲಿ ತೆರಿಗೆ ಏರುವ ಮೊದಲು 99 ರೂಪಾಯಿ 84 ಪೈಸೆ, ಏರಿದ ಮೇಲೆ 102 ರೂಪಾಯಿ 86 ಪೈಸೆ. ಸಾಗಣೆಯ ಖರ್ಚಿನಿಂದ ಊರೂರಿಗೆ ಸ್ವಲ್ಪ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಅದನ್ನು ಸದ್ಯಕ್ಕೆ ಬಿಡಿ. ರಾಜ್ಯದ ತೆರಿಗೆಯನ್ನು ಕಳೆದು ನೋಡಿದರೆ ಎರಡೂ ಕಡೆ ಉಳಿಯುವುದು ಹತ್ತಿರಹತ್ತಿರ 79 ರೂಪಾಯಿ. ಅದರ ಮೇಲೆ ತೆಲಂಗಾಣ ಸುಮಾರು 28 ರೂಪಾಯಿ ಕೂಡಿಸಿತು. ಕರ್ನಾಟಕ ಮೊದಲು ಇಪ್ಪತ್ತೂವರೆ ರೂಪಾಯಿ ಕೂಡಿಸುತ್ತಿತ್ತು. ಏರಿಸಿದ ಮೇಲೆ ಇಪ್ಪತ್ತಮೂರೂವರೆ ರೂಪಾಯಿಯ ಮೇಲೆ ಹತ್ತು ಪೈಸೆ. ನಿಮ್ಮ ಎರಡು ಬಂಕುಗಳ ನಡುವಿನ ಅಂತರವೆಲ್ಲ ಇಷ್ಟರಲ್ಲೇ ಅಡಗಿದೆ.

ಹಾಗಾದರೆ ಇದನ್ನು ತೀರ್ಮಾನಿಸುವವರು ಯಾರು? ನಮ್ಮ ಸಂವಿಧಾನದ 265ನೆಯ ಅನುಚ್ಛೇದ ಹೇಳುವುದು ಒಂದೇ ಮಾತು: ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕಕೂಡದು, ವಸೂಲು ಮಾಡಕೂಡದು. ಪೆಟ್ರೋಲ್, ಡೀಸೆಲ್ ಮಾರಾಟದ ಮೇಲೆ ತೆರಿಗೆ ಹಾಕುವ ಕಾನೂನು ಮಾಡುವ ಅಧಿಕಾರ ರಾಜ್ಯದ ವಿಧಾನಸಭೆಯದು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಬಹಳಷ್ಟು ಸರಕುಗಳು ಅದಕ್ಕೆ ಸೇರಿದವು. ಆದರೆ ಕಚ್ಚಾ ಎಣ್ಣೆ, ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲ, ವಿಮಾನದ ಇಂಧನ ಈ ಐದನ್ನು ಜಿಎಸ್‌ಟಿ ಮಂಡಳಿ ದಿನ ಗೊತ್ತುಮಾಡುವವರೆಗೆ ಹೊರಗಿಡಲಾಯಿತು. ಅದಕ್ಕೇ ಸೋಪಿಗೆ, ಸಿಮೆಂಟಿಗೆ ಎರಡೂ ಕಡೆ ಒಂದೇ ತೆರಿಗೆ ಇದ್ದು, ಪೆಟ್ರೋಲಿಗೆ ಮಾತ್ರ ಬೇರೆ ಬೇರೆಯಾಯಿತು.

ವಿಧಾನಸಭೆ ಒಮ್ಮೆ ಕಾನೂನು ಮಾಡಿದ ಮೇಲೆ ದರವನ್ನು ಏರಿಸಿ ಇಳಿಸುವುದು ಸಾಮಾನ್ಯವಾಗಿ ಸರ್ಕಾರದ ಅಧಿಸೂಚನೆಯಿಂದ. ರಾತ್ರಿ ಆದೇಶ ಹೊರಟರೆ ಬೆಳಿಗ್ಗೆ ಬಂಕಿನ ಹಲಗೆಯ ಮೇಲಿನ ಅಂಕಿ ಬದಲಾಗಿರುತ್ತದೆ. ತೆರಿಗೆಯನ್ನು ನೇರವಾಗಿ ಜನರ ಮತಕ್ಕೆ ಹಾಕುವ ಏರ್ಪಾಡು ನಮ್ಮಲ್ಲಿಲ್ಲ. ನಾವು ಓಟು ಹಾಕುವುದು ಶಾಸಕರಿಗೆ, ಐದು ವರ್ಷಕ್ಕೊಮ್ಮೆ, ತೆರಿಗೆಗೆ ಅಲ್ಲ.

ಆದರೆ ಜಗತ್ತಿನಲ್ಲಿ ಪೆಟ್ರೋಲ್ ತೆರಿಗೆಗೇ ಓಟು ಹಾಕಿದ ಜನರಿದ್ದಾರೆ. ಅಮೆರಿಕದಲ್ಲಿ ಪೆಟ್ರೋಲಿಗೆ ಗ್ಯಾಸೊಲಿನ್ ಎನ್ನುತ್ತಾರೆ, ಅಳೆಯುವುದು ಗ್ಯಾಲನ್ನಿನಲ್ಲಿ. ಒಂದು ಗ್ಯಾಲನ್ ಎಂದರೆ ನಮ್ಮ ಮೂರು ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು. ಅಲ್ಲಿ ಮೊದಲು ಈ ತೆರಿಗೆ ಹಾಕಿದ ರಾಜ್ಯ ಆರಿಗನ್, 1919ರಲ್ಲಿ, ಗ್ಯಾಲನ್ನಿಗೆ ಒಂದು ಸೆಂಟು. ಕೆಲವು ರಾಜ್ಯಗಳಲ್ಲಿ ದೊಡ್ಡ ತೆರಿಗೆಯ ಪ್ರಶ್ನೆ ಜನರ ಮುಂದೆಯೇ ಬರುತ್ತದೆ. ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಜೊತೆಗೆ ಇಂಥ ಪ್ರಶ್ನೆಯೂ ಅಚ್ಚಾಗಿರುತ್ತದೆ. ಹೌದು ಅಥವಾ ಇಲ್ಲ ಎಂದು ಗುರುತು ಹಾಕಿದರಾಯಿತು.

ಕ್ಯಾಲಿಫೋರ್ನಿಯಾದ ಸಂಗತಿ ಕೇಳಿ. ಅಲ್ಲಿ ಪೆಟ್ರೋಲ್ ತೆರಿಗೆ ಗ್ಯಾಲನ್ನಿಗೆ 9 ಸೆಂಟು ಇತ್ತು. ಗಾಡಿಗಳು ಹೆಚ್ಚಿದವು, ರಸ್ತೆ ಸಾಲದಾಯಿತು. 1990ರ ಜೂನ್ ತಿಂಗಳಲ್ಲಿ ರಾಜ್ಯವೆಲ್ಲ ಮತ ಹಾಕಿತು. ಪ್ರಸ್ತಾವನೆಯ ಸಂಖ್ಯೆ 111. ತೆರಿಗೆಯನ್ನು ಒಂದೇ ಸಲಕ್ಕೆ ಏರಿಸದೆ ಆ ವರ್ಷ 5 ಸೆಂಟು, ಅಲ್ಲಿಂದ ಮುಂದೆ ವರ್ಷಕ್ಕೊಂದು ಸೆಂಟಿನಂತೆ 1994ಕ್ಕೆ 18 ಸೆಂಟಿಗೆ ಮುಟ್ಟಿಸುವುದು. ಹಣ ರಸ್ತೆಗೂ ಸಾರಿಗೆಗೂ ಹೋಗುವುದು. ಅರ್ಧಕ್ಕಿಂತ ತುಸು ಹೆಚ್ಚು ಜನ ಹೌದು ಎಂದರು. ತಮ್ಮ ಮೇಲಿನ ತೆರಿಗೆ ಎರಡು ಪಟ್ಟಾಗಲಿ ಎಂದು ಜನರೇ ಒಪ್ಪಿದ ಹಾಗಾಯಿತು.

ಇಪ್ಪತ್ತೆಂಟು ವರ್ಷದ ಮೇಲೆ ಅದೇ ರಾಜ್ಯದಲ್ಲಿ ಅದೇ ಪ್ರಶ್ನೆ ತಿರುಗಿ ಬಂತು. 2017ರಲ್ಲಿ ಅಲ್ಲಿನ ಶಾಸನಸಭೆ ಜನರ ಮತ ಕೇಳದೆ ಗ್ಯಾಲನ್ನಿಗೆ 12 ಸೆಂಟು ಏರಿಸಿತ್ತು. ಇದನ್ನು ರದ್ದು ಮಾಡಬೇಕೆಂದು ವಿರೋಧಿಗಳು ಸಹಿ ಸಂಗ್ರಹಿಸಿ 2018ರ ನವೆಂಬರ್ 6ರಂದು ಮತಕ್ಕೆ ತಂದರು. ತೆರಿಗೆ ಬೇಡವೆಂದು ಹೇಳಲು ಜನರಿಗೆ ಸಿಕ್ಕ ನೇರ ಅವಕಾಶ ಅದು. ಆದರೂ ನೂರಕ್ಕೆ ಸುಮಾರು 57 ಜನ ರದ್ದತಿಯನ್ನು ತಳ್ಳಿಹಾಕಿದರು, ತೆರಿಗೆ ಉಳಿಯಿತು.

ಏಕೆ ಹೀಗಾಯಿತು? ಒಂದು ಕಾರಣ ಅದೇ ವರ್ಷದ ಜೂನಿನಲ್ಲಿ ಆದ ಇನ್ನೊಂದು ಮತದಾನದಲ್ಲಿದೆ. ಈ ಹಣವನ್ನು ರಸ್ತೆ ಮತ್ತು ಸಾರಿಗೆಗಲ್ಲದೆ ಬೇರೆ ಖರ್ಚಿಗೆ ತೆಗೆಯಕೂಡದು ಎಂದು ರಾಜ್ಯದ ಸಂವಿಧಾನದಲ್ಲೇ ಬರೆಯಬೇಕೆ ಎಂಬ ಪ್ರಶ್ನೆಗೆ ನೂರಕ್ಕೆ 80ಕ್ಕೂ ಹೆಚ್ಚು ಜನ ಹೌದು ಎಂದಿದ್ದರು. ಮೊದಲು ತಿಜೋರಿಗೆ ಬೀಗ ಹಾಕಿಸಿದರು, ಆಮೇಲೆ ಹಣ ಕೊಡಲು ಒಪ್ಪಿದರು.

ಎಲ್ಲ ಕಡೆಯೂ ಹೀಗೇ ಆಗಲಿಲ್ಲ. ಅದೇ ನವೆಂಬರ್ 6ರಂದು ಮಿಸೌರಿ ರಾಜ್ಯದಲ್ಲಿ ತೆರಿಗೆಯನ್ನು ನಾಲ್ಕು ಕಂತಿನಲ್ಲಿ 10 ಸೆಂಟು ಏರಿಸುವ ಪ್ರಸ್ತಾವನೆ ಸೋತುಹೋಯಿತು. ನೂರಕ್ಕೆ ಸುಮಾರು 54 ಜನ ಬೇಡ ಎಂದರು. ರಸ್ತೆಯ ಜೊತೆಗೆ ಬೇರೆ ವಿಷಯಗಳನ್ನೂ ಅದೇ ಪ್ರಶ್ನೆಯಲ್ಲಿ ಸೇರಿಸಿದ್ದರು. ಒಲಿಂಪಿಕ್ ಪದಕ ಗೆದ್ದವರ ಬಹುಮಾನಕ್ಕೆ ತೆರಿಗೆ ವಿನಾಯಿತಿ ಕೂಡ ಅದರೊಳಗಿತ್ತು. ಮಿಶಿಗನ್ ರಾಜ್ಯದಲ್ಲಿ 2015ರ ಮೇ ತಿಂಗಳಲ್ಲಿ ಹೀಗೆಯೇ ಹತ್ತಾರು ಲೆಕ್ಕಗಳನ್ನು ಒಂದೇ ಗಂಟಿನಲ್ಲಿ ಕಟ್ಟಿ ಜನರ ಮುಂದೆ ಇಟ್ಟರು. ನೂರಕ್ಕೆ 80 ಜನ ಬೇಡ ಎಂದರು. ಜನರು ತೆರಿಗೆ ಎಂದ ಕೂಡಲೇ ಬೇಡ ಎನ್ನುವವರಲ್ಲ. ಲೆಕ್ಕ ತಿಳಿಯದ ತೆರಿಗೆಯನ್ನು ಬೇಡ ಎನ್ನುತ್ತಾರೆ. ಈ ಮತದಾನಗಳಿಂದ ನನಗೆ ಕಾಣುವುದು ಇಷ್ಟು.

ಮಿಸೌರಿಯ ಕಥೆ ಅಲ್ಲಿಗೇ ಮುಗಿಯಲಿಲ್ಲ. 2021ರಲ್ಲಿ ಅಲ್ಲಿನ ಶಾಸನಸಭೆ ತಾನೇ ಕಾನೂನು ಮಾಡಿ ವರ್ಷಕ್ಕೆ ಎರಡೂವರೆ ಸೆಂಟಿನಂತೆ ಐದು ವರ್ಷ ತೆರಿಗೆ ಏರಿಸಿತು. ಆದರೆ ಒಂದು ಅವಕಾಶ ಇಟ್ಟಿತು: ಪೆಟ್ರೋಲ್ ಹಾಕಿಸಿದ ರಸೀದಿಗಳನ್ನು ಇಟ್ಟುಕೊಂಡು ಅರ್ಜಿ ಹಾಕಿದವರಿಗೆ ಏರಿಸಿದಷ್ಟು ತೆರಿಗೆ ವಾಪಸು.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರ ಬರುವಂಥದ್ದು ಏನಾದರೂ ಆಗಿದೆಯೇ ಎಂದರೆ, ಗೋವಾದ ನೆನಪಾಗುತ್ತದೆ. 2012ರ ವಿಧಾನಸಭಾ ಚುನಾವಣೆಯಲ್ಲಿ ಪೆಟ್ರೋಲಿನ ವ್ಯಾಟ್ ತೆಗೆಯುತ್ತೇವೆ ಎಂಬುದೇ ಒಂದು ಪಕ್ಷದ ದೊಡ್ಡ ಭರವಸೆಯಾಗಿತ್ತು. ಆ ಪಕ್ಷ ಗೆದ್ದಿತು, ಮನೋಹರ ಪರ್ರಿಕರ್ ಮುಖ್ಯಮಂತ್ರಿಯಾದರು. ಏಪ್ರಿಲ್ ತಿಂಗಳಲ್ಲಿ ವ್ಯಾಟ್ ಶೇಕಡಾ 20ರಿಂದ 0.1ಕ್ಕೆ ಇಳಿಯಿತು, ಪೆಟ್ರೋಲ್ ಲೀಟರಿಗೆ ಸುಮಾರು 11 ರೂಪಾಯಿ ಅಗ್ಗವಾಯಿತು. ನಮ್ಮ ಕಾರವಾರದ ಕಡೆಯವರು ಗಡಿ ದಾಟಿ ಹೋಗಿ ಟಾಕಿ ತುಂಬಿಸಿಕೊಂಡು ಬರತೊಡಗಿದರು. ನಿಮ್ಮ ಹಾಗೆಯೇ, ಬೇರೆ ಗಡಿಯಲ್ಲಿ. ಆದರೆ ಅದು ಬಹುಕಾಲ ಉಳಿಯಲಿಲ್ಲ. ಮುಂದಿನ ವರ್ಷಗಳಲ್ಲಿ ಗೋವಾದ ವ್ಯಾಟ್ ಮೆಟ್ಟಿಲು ಮೆಟ್ಟಿಲಾಗಿ ಮತ್ತೆ ಏರಿತು. ಇಳಿಸಲು ಜನರ ಓಟು ಕೇಳಿದ್ದರು; ಏರಿಸಲು ಕೇಳಲಿಲ್ಲ.

ಸರ್ಕಾರಗಳ ಕಡೆಯ ಮಾತನ್ನೂ ಕೇಳಬೇಕು. ಜಿಎಸ್‌ಟಿ ಬಂದ ಮೇಲೆ ರಾಜ್ಯಗಳು ತಾವೇ ದರ ಗೊತ್ತುಮಾಡಬಹುದಾದ ದೊಡ್ಡ ತೆರಿಗೆಗಳು ಕೆಲವೇ ಉಳಿದವು: ಪೆಟ್ರೋಲ್ ಮತ್ತು ಡೀಸೆಲ್, ಮದ್ಯ, ಜಮೀನು ಮನೆಗಳ ನೋಂದಣಿ, ವಾಹನ. ಕೇಂದ್ರವು ಪೆಟ್ರೋಲಿನ ಮೇಲೆ ಎತ್ತುವ ಸುಂಕದ ಬಹುಭಾಗ ಸೆಸ್ಸು, ವಿಶೇಷ ಸುಂಕ ಎಂಬ ಹೆಸರಿನಲ್ಲಿರುವುದರಿಂದ ರಾಜ್ಯಗಳಿಗೆ ಹಂಚುವ ರಾಶಿಗೆ ಅದು ಸೇರುವುದಿಲ್ಲ. ಪಿಂಚಣಿ, ಶಾಲೆ, ಆಸ್ಪತ್ರೆ, ರೈತರಿಗೆ ಕೊಡುವ ನೆರವು ಎಲ್ಲಕ್ಕೂ ಹಣ ಬೇಕು. ಬೇಕಾದಾಗ ಕೈ ಹೋಗುವುದು ಪೆಟ್ರೋಲಿನ ಕಡೆಗೆ. ಈ ತೊಂದರೆ ನಿಜವಾದದ್ದೇ.

ಆದರೆ ಈ ಹಣಕ್ಕೂ ರಸ್ತೆಗೂ ನಂಟು ಹಾಕುವುದು ನಮಗೆ ಹೊಸದಲ್ಲ. 1927ರಲ್ಲಿ ಎಂ. ಆರ್. ಜಯಕರ್ ಅವರ ಅಧ್ಯಕ್ಷತೆಯಲ್ಲಿ ಭಾರತದ ರಸ್ತೆಗಳ ಬಗ್ಗೆ ಒಂದು ಸಮಿತಿ ನೇಮಕವಾಯಿತು. ಮೋಟಾರು ಓಡಾಡಿ ರಸ್ತೆ ಕೆಡುತ್ತದೆ, ಆದ್ದರಿಂದ ಮೋಟಾರಿನ ಎಣ್ಣೆಯೇ ರಸ್ತೆಯ ಖರ್ಚು ಕೊಡಲಿ ಎಂಬುದು ಅದರ ಸಲಹೆಯ ತಿರುಳು. ಅದರಂತೆ 1929ರಲ್ಲಿ ಪೆಟ್ರೋಲಿನ ಸುಂಕವನ್ನು ಗ್ಯಾಲನ್ನಿಗೆ ನಾಲ್ಕಾಣೆಯಿಂದ ಆರಾಣೆಗೆ ಏರಿಸಿ, ಹೆಚ್ಚಿನ ಎರಡಾಣೆಯನ್ನು ಕೇಂದ್ರ ರಸ್ತೆ ನಿಧಿಗೆ ಎತ್ತಿಟ್ಟರು. 2000ದಲ್ಲಿ ಆ ನಿಧಿಗೆ ಕಾನೂನಿನ ಬಲ ಬಂತು. ಅದು ಕೇಂದ್ರದ ಸೆಸ್ಸಿನ ಮಾತು. ರಾಜ್ಯದ ಮಾರಾಟ ತೆರಿಗೆ ಹಾಗಲ್ಲ. ಅದು ರಾಜ್ಯದ ಸಂಚಿತ ನಿಧಿಗೆ ಸೇರಿ ಉಳಿದ ಹಣದ ಜೊತೆ ಬೆರೆತುಹೋಗುತ್ತದೆ. ಅದರಲ್ಲಿ ನಿಮ್ಮ ಊರಿನ ರಸ್ತೆಯ ಪಾಲು ಇಷ್ಟು ಎಂದು ಬೇರೆ ಮಾಡಿ ತೋರಿಸುವವರಿಲ್ಲ.

ಈಗ ಗಡಿಯ ಜನರಾದ ನಿಮ್ಮ ವಿಷಯಕ್ಕೆ ಬರುತ್ತೇನೆ. ರಾಜ್ಯದ ಈ ತೆರಿಗೆ ಸೇರುವುದು ಗಾಡಿ ಓಡುವ ರಾಜ್ಯಕ್ಕಲ್ಲ, ಬಂಕು ಇರುವ ರಾಜ್ಯಕ್ಕೆ. ಕರ್ನಾಟಕದ ಬಂಕಿನಲ್ಲಿ ಐದು ಲೀಟರ್ ಹಾಕಿಸಿದಿರಿ ಎನ್ನಿ. 2024ರ ಜೂನ್ ಲೆಕ್ಕದಲ್ಲಿ ನಿಮಗೆ ಉಳಿದದ್ದು ಹೆಚ್ಚೆಂದರೆ 23 ರೂಪಾಯಿ. ಬೆಂಗಳೂರಿನ ಬೊಕ್ಕಸಕ್ಕೆ ಹೋದದ್ದು ಸುಮಾರು 118 ರೂಪಾಯಿ. ಹೈದರಾಬಾದಿನ ಬೊಕ್ಕಸಕ್ಕೆ ಬರಬೇಕಾಗಿದ್ದು ಬಾರದೆ ಹೋದದ್ದು 140 ರೂಪಾಯಿ. ಗಾಡಿ ಮಾತ್ರ ಓಡುವುದು ನಾಗಲಗಿದ್ದದ ರಸ್ತೆಯ ಮೇಲೆ. ಆ ರಸ್ತೆಯ ಗುಂಡಿ ಮುಚ್ಚಬೇಕಾದವರು ಹೈದರಾಬಾದಿನವರು.

ಹಾಗೆಂದು ನಿಮ್ಮನ್ನು ತಪ್ಪು ಎನ್ನಲು ನಾನು ಈ ಲೆಕ್ಕ ಹೇಳುತ್ತಿಲ್ಲ. ಅಗ್ಗವಾದಲ್ಲಿ ಕೊಳ್ಳುವುದು ಸಂಸಾರಸ್ಥರ ನ್ಯಾಯ. ಇನ್ನೊಂದು ಮಾತೂ ಇದೆ. 1956ರ ನವೆಂಬರ್ 1ಕ್ಕೆ ಮೊದಲು ಈ ಗಡಿಯೇ ಇರಲಿಲ್ಲ. ನಾರಾಯಣಖೇಡ ತಾಲೂಕು, ನ್ಯಾಲಕಲ್ ಸರ್ಕಲ್, ನಿರ್ಣಾ ಸರ್ಕಲ್ ಬಿಟ್ಟು ಉಳಿದ ಜಹೀರಾಬಾದ್ ತಾಲೂಕು, ಇವೆಲ್ಲ ಬೀದರ್ ಜಿಲ್ಲೆಯವು. ತಾಂಡೂರು ಗುಲ್ಬರ್ಗಾ ಜಿಲ್ಲೆಯದು. ರಾಜ್ಯ ಪುನರ್ವಿಂಗಡಣೆಯಲ್ಲಿ ಗೆರೆ ಬಿತ್ತು. ಸಂತೆ, ನೆಂಟಸ್ತನ, ಮಾತು ಗೆರೆಯ ಎರಡೂ ಕಡೆ ಉಳಿದವು. ಅವುಗಳ ಹಿಂದೆಯೇ ಪೆಟ್ರೋಲೂ ಹೋಗುತ್ತದೆ, ಬರುತ್ತದೆ.

ಆದರೆ ಬರೀ ಪೆಟ್ರೋಲಿಗೆಂದು ಗಡಿ ದಾಟುವವರು ಒಂದು ಲೆಕ್ಕ ಹಾಕಿಕೊಳ್ಳಿ. ಹೋಗಿ ಬರಲು ಇಪ್ಪತ್ತು ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಲೀಟರಿಗೆ ಐವತ್ತು ಕಿಲೋಮೀಟರ್ ಓಡುವ ಬೈಕಿಗೂ 40 ರೂಪಾಯಿಗೆ ಮೇಲೆ ಪೆಟ್ರೋಲ್ ಸುಡುತ್ತದೆ. ಐದು ಲೀಟರಿಗೆ ಉಳಿಯುವುದು 23 ರೂಪಾಯಿ. ಕೆಲಸಕ್ಕೆ ಹೇಗೂ ಹೋಗಿದ್ದಾಗ ಹಾಕಿಸಿದರೆ ಲಾಭ. ಅದಕ್ಕೆಂದೇ ಹೋದರೆ ನಷ್ಟ. ಅಗ್ಗ ಸಿಕ್ಕಿತೆಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂದು ಒಲೆ ಇರುವ ಮನೆಯಲ್ಲಿ ಇಡುವುದನ್ನಂತೂ ಖಂಡಿತ ಬಿಡಿ. ಪೆಟ್ರೋಲಿನ ಆವಿ ಕಣ್ಣಿಗೆ ಕಾಣುವುದಿಲ್ಲ, ನೆಲದ ಮೇಲೆ ಹರಿದು ಹೋಗಿ ಬೆಂಕಿಯನ್ನು ಹುಡುಕಿಕೊಳ್ಳುತ್ತದೆ.

ಗಾಡಿ ಇಲ್ಲದವರು, ನಮಗೇನು ಎಂದುಕೊಳ್ಳಬಾರದು. ಟ್ರ್ಯಾಕ್ಟರಿನ ಬಾಡಿಗೆಯಲ್ಲಿ, ಕಬ್ಬಿನ ಲಾರಿಯ ಸಾಗಣೆಯಲ್ಲಿ, ಅಂಗಡಿಯ ಅಕ್ಕಿ ಬೇಳೆಯ ದರದಲ್ಲಿ ಡೀಸೆಲಿನ ತೆರಿಗೆ ಸೇರಿಕೊಂಡೇ ಇರುತ್ತದೆ. 2025ರ ಜನವರಿಯಲ್ಲಿ ಕರ್ನಾಟಕದ ಸರ್ಕಾರಿ ಬಸ್ಸುಗಳ ದರ ಶೇಕಡಾ 15ರಷ್ಟು ಏರಿದಾಗ ಹೇಳಿದ ಕಾರಣಗಳಲ್ಲಿ ಡೀಸೆಲಿನ ಖರ್ಚೂ ಒಂದು. ಬೈಕ್ ಇಲ್ಲದ ಮುದುಕಿಯೂ ಉಪ್ಪಿನ ಪೊಟ್ಟಣದ ಜೊತೆ ಈ ಪನ್ನು ಕಟ್ಟುತ್ತಾಳೆ. ಕಟ್ಟಿದವಳಿಗೆ ಕೇಳುವ ಹಕ್ಕೂ ಇದೆ.

ಕೇಳುವುದು ಹೇಗೆ? ನಮಗೆ ಕ್ಯಾಲಿಫೋರ್ನಿಯಾದವರಂತೆ ತೆರಿಗೆಗೆ ಓಟು ಇಲ್ಲ. ಆದರೆ ಆ ಜನ ಓಟಿಗೆ ಮೊದಲು ಕೇಳಿದ ಪ್ರಶ್ನೆಯನ್ನು ಕೇಳಲು ನಮಗೆ ಯಾರ ಅಡ್ಡಿಯೂ ಇಲ್ಲ. ಗ್ರಾಮಸಭೆ ಇದೆ. ಮಂಡಲದ ಕಚೇರಿ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ನಮ್ಮ ಊರಿನ ರಸ್ತೆಗೆ ಇಂಥ ವರ್ಷ ಎಷ್ಟು ಹಣ ಮಂಜೂರಾಯಿತು, ಎಷ್ಟು ಖರ್ಚಾಯಿತು, ಕೆಲಸ ಯಾವಾಗ ಮುಗಿಯಬೇಕಿತ್ತು ಎಂದು ಯಾರು ಬೇಕಾದರೂ ಬರೆದು ಕೇಳಬಹುದು. ತೆಲುಗಿನಲ್ಲಿ ಬರೆಯಲು ಬಂದರೆ ತೆಲುಗಿನಲ್ಲಿ ಬರೆಯಿರಿ. ಬಾರದವರು ಶಾಲೆಗೆ ಹೋಗುವ ಮಗನಿಂದಲೋ ಮಗಳಿಂದಲೋ ಬರೆಯಿಸಿ. ಎರಡು ಭಾಷೆ ಬಲ್ಲ ಮನೆಗೆ ಇದು ಕಷ್ಟವಲ್ಲ.

ಇನ್ನು ಚುನಾವಣೆ ಬಂದಾಗ ಪೆಟ್ರೋಲ್ ಅಗ್ಗ ಮಾಡುತ್ತೇವೆ ಎಂದು ಹೇಳುವವರು ನಿಮ್ಮ ಬಾಗಿಲಿಗೂ ಬರುತ್ತಾರೆ. ಅವರನ್ನು ಕೂರಿಸಿ, ನೀರು ಕೊಟ್ಟು, ಎರಡು ಮಾತು ಕೇಳಿ. ಇಳಿಸಿದರೆ ಆ ಕೊರತೆಯನ್ನು ಯಾವುದರಿಂದ ತುಂಬುತ್ತೀರಿ? ಇಳಿಸದಿದ್ದರೆ, ಲೀಟರಿಗೆ ನಾವು ಕೊಡುವ ಇಪ್ಪತ್ತೆಂಟು ರೂಪಾಯಿಯಲ್ಲಿ ಈ ರಸ್ತೆಗೆ ಎಷ್ಟು ಬರುತ್ತದೆ? ಉತ್ತರ ಸಿಕ್ಕರೆ ಬರೆದಿಟ್ಟುಕೊಳ್ಳಿ. ಮುಂದಿನ ಸಲ ಅವರು ಬಂದಾಗ ಆ ಚೀಟಿ ಕೈಯಲ್ಲಿರಲಿ.